ಗಡುವಿನೊಳಗೆ ಮರಳಿಸಿದ ತಪ್ಪಿಗೆ

ಪುರಸಭೆಯ ಸಂಸ್ಕೃತಿ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ನಾವೊಂದು ತಪ್ಪು ಮಾಡಿದ್ದೇವೆ. ನಿಮ್ಮ ಕಚೇರಿ ಹೇಳಿದ ದಿನ, ಹೇಳಿದ ಹೊತ್ತಿಗೆ, ಹೇಳಿದ ಬಾಗಿಲಿಗೆ ನಮ್ಮ ಮನೆಯಲ್ಲಿದ್ದ ಚಿತ್ರವನ್ನು ತಂದು ಒಪ್ಪಿಸಿದ್ದೇವೆ. ಮಾರ್ಚ್ ಮೂವತ್ತೊಂದರ ಗಡುವು ಮೀರಿದರೂ ಒಪ್ಪಿಸದೆ ಸುಮ್ಮನಿದ್ದವರಿಗೆ ನೀವು ಏಪ್ರಿಲ್ ಇಪ್ಪತ್ತರಂದು ಕಾಗದ ಬರೆದು, 'ಚಿತ್ರ ಇನ್ನು ನಿಮ್ಮದೇ, ಇಟ್ಟುಕೊಳ್ಳಿ' ಎಂದಿದ್ದೀರಿ. ಒಪ್ಪಿಸಿದವರ ಚಿತ್ರಗಳು ಐಸೆಲ್ ನದಿಯಾಚೆಯ ಗೋದಾಮಿನಲ್ಲಿವೆ. ಜೂನ್ ಮೊದಲ ವಾರ ಅವುಗಳ ವಿಲೇವಾರಿ. ನಮ್ಮಿಂದ ಪಡೆದ ಚಿತ್ರವನ್ನು ನಮಗೇ ಮರಳಿ ಕೊಡಿ ಎಂದು ಮೂರು ಸಲ ನಿಮ್ಮ ಕಚೇರಿಗೆ ಬರೆದೆ. ನಾಲ್ಕನೆಯ ಸಲ ಊರಿನ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ಊರಿಗೆ ಹೊಸದಾಗಿ ಬಂದವರಿಗಾಗಿ ಒಂದು ಮಾತು. ಗ್ರಂಥಾಲಯದಿಂದ ಪುಸ್ತಕ ತರುವಂತೆ ಇಂದಿನ ಕಲಾವಿದರ ಚಿತ್ರಗಳನ್ನು ಎರವಲು ತಂದು ಮನೆಯಲ್ಲಿ ತೂಗುಹಾಕಲು ಪುರಸಭೆಯದೇ ಒಂದು 'ಎರವಲು ಮನೆ' ಕಳೆದ ವರ್ಷದವರೆಗೆ ಚರ್ಚಿನ ಹಿಂದಿನ ಬೀದಿಯಲ್ಲಿತ್ತು. ಅವಧಿ ಆರು ತಿಂಗಳು, ಬೇಕೆಂದರೆ ನವೀಕರಣ. ನಾವು ಚಿತ್ರ ಸಂಖ್ಯೆ 2114ನ್ನು ಹತ್ತೊಂಬತ್ತು ವರ್ಷ ಇಟ್ಟುಕೊಂಡಿದ್ದೆವು. ಮೂವತ್ತೇಳು ಸಲ ನವೀಕರಿಸಿದೆ. ಒಂದು ಸಲವೂ ತಡವಾಗಿಲ್ಲ. ಮೂವತ್ತನಾಲ್ಕು ವರ್ಷ ನದಿಯ ನೀರಿನ ಮಟ್ಟ ಅಳೆದು ಬರೆದಿಟ್ಟವನು ನಾನು. ದಿನಾಂಕ ತಪ್ಪಿಸುವ ಕಲೆ ನನಗೆ ಒಲಿದಿಲ್ಲ. ಒಲಿದಿದ್ದರೆ ಇವತ್ತು ಚಿತ್ರ ನಮ್ಮ ಗೋಡೆಯ ಮೇಲಿರುತ್ತಿತ್ತು.

ನಿಜ ಹೇಳಬೇಕೆಂದರೆ ನಾವು ಅದನ್ನು ಬಯಸಿ ತಂದದ್ದೇ ಅಲ್ಲ. ನನ್ನ ಹೆಂಡತಿ ಡೀನೆಕೆಗೆ ಬೇಕಿದ್ದದ್ದು ನದಿದಂಡೆಯಲ್ಲಿ ಮೇಯುವ ಹಸುಗಳ ಚಿತ್ರ. ಎರವಲು ಮನೆ ನೋಡಿಕೊಳ್ಳುತ್ತಿದ್ದ ಶ್ರೀಮತಿ ರೂಲ್ವಿಂಕ್ ದಾಖಲೆ ಪುಸ್ತಕ ತೆರೆದು ನೋಡಿ, "ಹಸುಗಳು ಹೊರಗೆ ಹೋಗಿವೆಯಮ್ಮ. ಯಾವಾಗ ಬರ್ತವೋ ಗೊತ್ತಿಲ್ಲ. ಅಲ್ಲೀವರೆಗೆ ಇದನ್ನ ತಗೊಂಡ್ಹೋಗಿ. ಬಂದಾಗಿನಿಂದ ಯಾರೂ ಮುಟ್ಟಿಲ್ಲ, ಪಾಪ," ಎಂದರು.

ಅದೊಂದು ಬೂದು ಬಣ್ಣದ ಚಿತ್ರ. ಅಗಲ ನೂರ ನಲವತ್ತು ಸೆಂಟಿಮೀಟರ್, ಎತ್ತರ ನೂರ ಹತ್ತು. ಬಲ ಅಂಚಿನಲ್ಲಿ ಮೇಲಿಂದ ಕೆಳಕ್ಕೆ ಅಂಗೈಯಗಲದ ಕಿತ್ತಳೆ ಪಟ್ಟಿ. ಅಷ್ಟೇ. ಪಕ್ಕದ ಮನೆಯ ಹಾರ್ಮ್ ಮೊದಲ ದಿನ ಕಾಫಿಗೆ ಬಂದವನು ಅದರ ಮುಂದೆ ನಿಂತು, "ಎವರ್ಟ್, ಬಣ್ಣ ಬಳಿದು ಮುಗಿಸಿದ ಮೇಲೆ ನನ್ನ ಕರೀಬೇಕಿತ್ತು ಕಣಯ್ಯ," ಎಂದ.

"ನೀನು ಬಂದಿದ್ದು ಬಿಸ್ಕತ್ತು ತಿನ್ನೋಕೋ, ವಿಮರ್ಶೆ ಮಾಡೋಕೋ?" ಎಂದಳು ಡೀನೆಕೆ.

"ನೀವು ಕೊಡೋ ಒಂದು ಬಿಸ್ಕತ್ತಿಗೆ ಇಷ್ಟೇ ವಿಮರ್ಶೆ ತಾಯಿ."

ಕಲೆಯ ಬಗ್ಗೆ ಮಾತಾಡಲು ನನಗೆ ಯಾವ ಅರ್ಹತೆಯೂ ಇಲ್ಲ. ಆದರೆ ಹತ್ತೊಂಬತ್ತು ವರ್ಷ ಒಂದೇ ಚಿತ್ರದ ಎದುರು ಊಟ ಮಾಡಿದವನಿಗೆ ಒಂದೆರಡು ಅಭಿಪ್ರಾಯ ಹುಟ್ಟಿದರೆ ಅದು ಅಪರಾಧವಾಗಲಾರದು. ಸಂಗೀತ ಕಛೇರಿ ಚಪ್ಪಾಳೆಯೊಂದಿಗೆ ಮುಗಿಯುತ್ತದೆ. ಸಿನಿಮಾ ದೀಪ ಹತ್ತಿದಾಗ ಮುಗಿಯುತ್ತದೆ. ಗೋಡೆಯ ಮೇಲಿನ ಚಿತ್ರಕ್ಕೆ ಮುಗಿಯುವುದೇ ಗೊತ್ತಿಲ್ಲ. ಮೊದಲ ವರ್ಷ ನನಗೆ ಅಲ್ಲಿ ಒಂದೇ ಬೂದು ಕಂಡಿತು. ಐದನೆಯ ವರ್ಷದ ಹೊತ್ತಿಗೆ ಏಳು ಎಣಿಸಿದ್ದೆ. ನವೆಂಬರಿನಲ್ಲಿ ಸಂಜೆ ನಾಲ್ಕರ ಸುಮಾರಿಗೆ ಎಡ ಮೂಲೆಯ ಬೂದು ಹಸಿರಿಗೆ ತಿರುಗುತ್ತದೆ. ನೆರೆ ಇಳಿಯುವಾಗ ನದಿಯ ನೀರು ಹಾಗೆಯೇ ತಿರುಗುವುದನ್ನು ನಾನು ಮೂವತ್ತನಾಲ್ಕು ವರ್ಷ ನೋಡಿದ್ದೆ, ಆದರೆ ಎಲ್ಲಿಯೂ ಬರೆದಿಡಲಿಲ್ಲ, ಏಕೆಂದರೆ ನಮೂನೆಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಇಂದಿನ ಕಲೆ ಅರ್ಥವಾಗುವುದಿಲ್ಲ ಎನ್ನುವವರಿಗೆ ನನ್ನ ಸಲಹೆ ಇಷ್ಟೇ: ಒಂದು ಚಿತ್ರವನ್ನು ಮನೆಗೆ ಒಯ್ದು, ಅದರ ಎದುರು ಬಟಾಣಿ ಸೂಪ್ ಕುಡಿಯಿರಿ. ಸಂಗ್ರಹಾಲಯ ಕೊಡುವುದು ಒಂದು ನಿಮಿಷ. ಎರವಲು ಮನೆ ಆರು ತಿಂಗಳು ಕೊಡುತ್ತಿತ್ತು. ಅದನ್ನೇ ನೀವು ಮುಚ್ಚಿದಿರಿ.

ನಾಲ್ಕು ವರ್ಷದ ಹಿಂದೆ ಡೀನೆಕೆಯ ಕಣ್ಣು ಕೆಟ್ಟಿತು. ನೋಟದ ನಡುಭಾಗ ಹೋಗಿದೆ, ಅಂಚು ಉಳಿದಿದೆ. ಎದುರು ಕೂತವರ ಮುಖ ಅವಳಿಗೆ ಕಾಣುವುದಿಲ್ಲ. ಅವರ ಭುಜ, ಹಿಂದಿನ ಕಿಟಕಿ ಮಸುಕಾಗಿ ಕಾಣುತ್ತವೆ. ಪ್ರತಿ ಗುರುವಾರ ನಾವು ಊರಿನ ಸಣ್ಣ ಚಿತ್ರಮಂದಿರಕ್ಕೆ ಹೋಗುತ್ತಿದ್ದೆವು. ಪರಭಾಷೆಯ ಸಿನಿಮಾಗಳ ಕೆಳಗೆ ಮೂಡುವ ಡಚ್ ಸಾಲುಗಳನ್ನು ಕೆಲವು ತಿಂಗಳು ನಾನು ಅವಳ ಕಿವಿಯಲ್ಲಿ ಓದಿದೆ. ಹಿಂದಿನ ಸಾಲಿನವರು ಉಶ್ ಎಂದರು. ಒಂದು ದಿನ ಅವಳೇ, "ಸಾಕು ಬಿಡು ಮಾರಾಯ. ಹುಡುಗಿ ಅಳ್ತಿದ್ದಾಳೆ ಅನ್ನೋದನ್ನೂ ನೀನು ನೀರಿನ ಮಟ್ಟ ಓದಿದ ಹಾಗೇ ಓದ್ತೀಯ," ಎಂದಳು. ಸಿನಿಮಾ ಅಲ್ಲಿಗೆ ನಿಂತಿತು.

ನಿಲ್ಲದೆ ಉಳಿದದ್ದು 2114. ಅದು ಅಷ್ಟು ದೊಡ್ಡದು, ಕಿತ್ತಳೆ ಅಷ್ಟು ಗಟ್ಟಿ. ಬೆಳಿಗ್ಗೆ ಎದ್ದು ಬಂದು, ಮುಖವನ್ನು ಕಿಟಕಿಯ ಕಡೆ ತಿರುಗಿಸಿ, ಕಣ್ಣಂಚಿನಲ್ಲಿ ಹುಡುಕಿ, "ಹಾಂ, ಬಂತು," ಎನ್ನುತ್ತಿದ್ದಳು. ಆಮೇಲೆ ಕಾಫಿ. ನನ್ನ ಮುಖ ಅವಳಿಗೆ ಕೊನೆಯದಾಗಿ ಯಾವಾಗ ಕಂಡಿತೋ ನಾನು ಕೇಳಿಲ್ಲ. ಆ ಪಟ್ಟಿಯಂತೂ ಮಾರ್ಚ್ ಇಪ್ಪತ್ತೆಂಟರವರೆಗೆ ದಿನವೂ ಕಂಡಿದೆ.

ಚಿತ್ರ ಮರಳಿಸಿ ಎಂಬ ನಿಮ್ಮ ಮೊದಲ ಕಾಗದ ಬಂದಾಗ, ಸ್ವಲ್ಪ ದಿನ ಕೊಡಿ ಎಂದು ಕೇಳೋಣವೇ ಎಂದೆ. "ಕೊಟ್ಟ ಮಾತು ಅಂದ್ರೆ ಮಾತು, ಎವರ್ಟ್. ಇನ್ನೊಬ್ರ ವಸ್ತು ಅದು. ಒಯ್ದು ಕೊಡು," ಎಂದಳು. ಹಾರ್ಮ್‌ನ ಸಾಮಾನು ಸಾಗಿಸುವ ಸೈಕಲ್ಲಿನ ಪೆಟ್ಟಿಗೆಯಲ್ಲಿ ಚಿತ್ರವನ್ನು ಕಂಬಳಿ ಸುತ್ತಿ ನಿಲ್ಲಿಸಿದೆವು. ಸೇತುವೆಯ ಮೇಲೆ ಗಾಳಿ ಅದನ್ನು ಹಾಯಿಪಟದಂತೆ ತಳ್ಳಿತು. ಹತ್ತೊಂಬತ್ತು ವರ್ಷ ಅದನ್ನು ಗೇಲಿ ಮಾಡಿದ ಹಾರ್ಮ್ ಎರಡೂ ಕೈಯಲ್ಲಿ ತಬ್ಬಿ ಹಿಡಿದು ನಡೆದ. "ಏನೋ, ಪ್ರೀತಿ ಬಂತಾ?" ಎಂದೆ. "ಸುಮ್ನೆ ತಳ್ಳು," ಎಂದ.

ನಾಲ್ಕು ವಾರದ ಬಳಿಕ ಡೀನೆಕೆಯ ಕೂದಲು ಕತ್ತರಿಸುವ ಮಿರ್ಯಾಮ್‌ಳ ಅಂಗಡಿಯಲ್ಲಿ ನಿಮ್ಮ ಎರಡನೆಯ ಕಾಗದ ನೋಡಿದೆ. "ಹಳೇ ಕಾಗದಗಳನ್ನ ನಾನು ಒಡೆದೇ ನೋಡಿರ್ಲಿಲ್ಲ. ಈಗ ನೋಡಿದ್ರೆ ಚಿತ್ರ ನಂದೇ ಅಂತೆ!" ಎಂದಳು ಮಿರ್ಯಾಮ್. ಗೋಡೆಯ ಮೇಲೆ ನೋಡಿದೆ. ನದಿದಂಡೆ, ಹಸುಗಳು. ಇಪ್ಪತ್ತು ವರ್ಷದಿಂದ ಹೊರಗೆ ಹೋಗಿದ್ದ ಅವೇ ಹಸುಗಳು. ನಮ್ಮ ಕಥೆ ಕೇಳಿ ಮಿರ್ಯಾಮ್ ಕತ್ತರಿ ಕೆಳಗಿಟ್ಟು, "ಇದನ್ನೇ ತಗೊಂಡ್ಹೋಗಿ ಆಂಟಿ, ದಮ್ಮಯ್ಯ," ಎಂದಳು. ಡೀನೆಕೆ ಅದರ ಮುಂದೆ ಮುಖ ಅತ್ತಿತ್ತ ತಿರುಗಿಸಿ ಬಹಳ ಹೊತ್ತು ಹುಡುಕಿದಳು. "ಹಸುಗಳೆಲ್ಲ ಮಧ್ಯದಲ್ಲಿವೆ ಕಣೇ," ಎಂದಳು.

ಮರುದಿನ ನಿಮ್ಮ ಕಚೇರಿಗೆ ಬಂದೆ. ನೀವು ಸಭೆಯಲ್ಲಿದ್ದಿರಿ. ಕಿಟಕಿಯಲ್ಲಿದ್ದ ಹುಡುಗಿ ಸಭ್ಯಳು. ಅವಳ ಮೇಲೆ ನನ್ನ ದೂರಿಲ್ಲ.

"ನಿಮ್ಮ ಬೇಸರ ಅರ್ಥ ಆಗುತ್ತೆ ಯಜಮಾನ್ರೇ."

"ಅರ್ಥ ಆಗೋದು ಬೇಡಮ್ಮ. ಚಿತ್ರ ಬೇಕು."

"ವಾಪಸ್ ಬಂದಿರೋದಕ್ಕೆ ಒಂದು ಕ್ರಮ ಇದೆ. ಮೊದಲು ಕಲಾವಿದರಿಗೆ, ಅವರಿಲ್ಲದಿದ್ರೆ ಐವತ್ತರ ಕಟ್ಟು ಮಾಡಿ ಸಂಸ್ಥೆಗಳಿಗೆ, ಉಳಿದಿದ್ದು ನಾಶಕ್ಕೆ. ಒಬ್ಬರಿಗೆ ಕೊಟ್ರೆ ಪಕ್ಷಪಾತ ಆಗುತ್ತೆ. ಬರದೇ ಇರೋದಕ್ಕೆ ಕ್ರಮವೇ ಇಲ್ಲ, ಅದಕ್ಕೇ ಬಿಟ್ಟುಬಿಟ್ವಿ."

"ಹಾಗಾದ್ರೆ ತಂದುಕೊಟ್ಟಿದ್ದೇ ನನ್ನ ತಪ್ಪಾ?"

ಅವಳು ಹಿಂದೆ ತಿರುಗಿ ನೋಡಿ ದನಿ ತಗ್ಗಿಸಿದಳು. "ನಿಜ ಹೇಳ್ಲಾ? ನಮ್ಮಮ್ಮನೂ ತಂದುಕೊಟ್ರು."

2114ರ ಕಲಾವಿದ ತೀರಿಕೊಂಡು ಹನ್ನೊಂದು ವರ್ಷವಾಯಿತು, ವಾರಸುದಾರರಿಲ್ಲ. ಯಾವ ಸಂಸ್ಥೆ ಐವತ್ತು ಚಿತ್ರಗಳ ಕಟ್ಟನ್ನು ಒಯ್ಯುತ್ತದೆ? ಒಯ್ದರೂ ಅಂಗೈಯಗಲದ ಕಿತ್ತಳೆಗಾಗಿ ಮುಖ ತಿರುಗಿಸಿ ನಿಲ್ಲುವವರು ಅಲ್ಲಿ ಯಾರಿದ್ದಾರೆ? ಕಳೆದುಕೊಂಡದ್ದರ ಬದಲಿಗೆ ನೀವು ಪುರಸಭೆಯ ಮೊಗಸಾಲೆಯಲ್ಲಿ ಚಿತ್ರಗಳು ಒಂದಾದ ಮೇಲೊಂದು ಮೂಡುವ ಒಂದು ಡಿಜಿಟಲ್ ಪರದೆ ಹಾಕಿಸಿ, 'ಕಲೆ ಈಗ ನಿಮ್ಮ ಬೆರಳ ತುದಿಯಲ್ಲಿ' ಎಂದು ಬರೆಸಿದ್ದೀರಿ. ನಾನು ಗಡಿಯಾರ ಹಿಡಿದು ನೋಡಿದೆ: ಚಿತ್ರವೊಂದಕ್ಕೆ ಹನ್ನೆರಡು ಸೆಕೆಂಡು. ಅವನ್ನೇ ಮೊಬೈಲಿನಲ್ಲಿ ನೋಡಿದರೆ ನಮ್ಮ ಚಿತ್ರ ಬೆಂಕಿಪೊಟ್ಟಣದಷ್ಟು. ಅದರಲ್ಲಿ ಕಿತ್ತಳೆ ಪಟ್ಟಿ ಕಡ್ಡಿಗಿಂತ ತೆಳು. ಡೀನೆಕೆಗೆ ಬೆರಳ ತುದಿಯಲ್ಲಿ ಕಣ್ಣಿಲ್ಲ, ಮಾನ್ಯರೇ.

ಆದ್ದರಿಂದ ಕೇಳುತ್ತಿದ್ದೇನೆ: ಜೂನ್ ಒಂದರೊಳಗೆ 2114ನ್ನು ನಮಗೆ ಕೊಡಿ. ಸ್ವಂತಕ್ಕೆ ಬೇಡ, ಎರವಲು ಸಾಕು. ಆರಾರು ತಿಂಗಳಿಗೆ ನವೀಕರಿಸಲು ನಾನೇ ಬರುತ್ತೇನೆ. ಪತ್ರಗಳಿಗೆ ಆರು ವಾರದೊಳಗೆ ಉತ್ತರಿಸುವುದು ನಿಮ್ಮ ಕಚೇರಿಯ ನಿಯಮ ಎಂದು ಬಲ್ಲೆ. ಇಂದು ಮೇ ಎಂಟು. ಆರು ವಾರವೆಂದರೆ ಜೂನ್ ಹತ್ತೊಂಬತ್ತು. ಅಷ್ಟರೊಳಗೆ ಚಿತ್ರ ಇರುವುದಿಲ್ಲ ಎಂಬ ಲೆಕ್ಕವೂ ನನಗೆ ಬರುತ್ತದೆ. ಆದರೂ ಬರೆದಿದ್ದೇನೆ, ಬೇರೇನು ಮಾಡಬಹುದೆಂದು ತಿಳಿಯದೆ.

ಕೊನೆಗೊಂದು ತಪ್ಪೊಪ್ಪಿಗೆ. ಮೊನ್ನೆ ಹಳೆಯ ರಸೀದಿ ತೆಗೆದು ನೋಡಿದೆ. 'ಚಿತ್ರ ಒಂದು, ಕೊಕ್ಕೆ ಎರಡು' ಎಂದಿದೆ. ಕೊಕ್ಕೆಗಳು ನಮ್ಮ ಗೋಡೆಯಲ್ಲೇ ಉಳಿದಿವೆ. ಡೀನೆಕೆಗೆ ಹೇಳಿದರೆ, "ನಾಳೆನೇ ಒಯ್ದು ಕೊಡು," ಎಂದಳು. ನಾನು ಒಯ್ದಿಲ್ಲ. ಗಡುವು ಮೀರಿದೆ; ನಿಮ್ಮ ನಿಯಮದಂತೆ ಅವೀಗ ನಮ್ಮವು.

ಇಂತಿ,
ಎರಡು ಕೊಕ್ಕೆಗಳ ಅಧಿಕೃತ ಒಡೆಯ,
ಎವರ್ಟ್ ಲಾಮರ್ಸ್