ಅಪ್ಪನ ಹಾಳೆಗಳು ಅಚ್ಚಾದ ಮೇಲೆ

ಲಂಡನ್, ಆಲ್ಡರ್ಸ್‌ಗೇಟ್ ಬೀದಿ
ಫೆಬ್ರವರಿ 9, 1638

ಪ್ರೀತಿಯ ಅಮ್ಮಾ,

ಮಂಡಿನೋವು ಹೇಗಿದೆ? ಈ ಚಳಿಯಲ್ಲಿ ಎದ್ದ ಕೂಡಲೇ ಕೋಳಿಗೂಡಿಗೆ ಓಡಬೇಡ, ಮೊಟ್ಟೆಗಳೇನೂ ಎದ್ದು ಹೋಗುವುದಿಲ್ಲ. ಈ ಪತ್ರ ನಿನಗೆ ಓದಿ ಹೇಳುತ್ತಿರುವ ಪಾದ್ರಿ ಲವೆಲ್ ಅವರಿಗೆ ನನ್ನ ನಮಸ್ಕಾರ. ನಾನು ಹೇಗೋ ಇದ್ದೇನೆ. ದಿನಕ್ಕೆ ಹದಿಮೂರು ಗಂಟೆ ನಿಂತು ಅಚ್ಚಿನ ಮೊಳೆ ಜೋಡಿಸಿದರೆ ಬೆನ್ನು ನಮ್ಮ ಮಾತು ಕೇಳುವುದಿಲ್ಲ, ಅಷ್ಟೆ.

ಅಪ್ಪ ತೀರಿಕೊಂಡ ಮೇಲೆ ನೀನು ಕಳಿಸಿದ ಅವರ ಕೈಬರಹದ ಪ್ರವಚನಗಳು ಅಂತೂ ಪುಸ್ತಕವಾಗಿ ಅಚ್ಚಾದವು. ಮೊದಲ ಹಾಳೆ ನೋಡಿಯೇ ನಮ್ಮ ಅಚ್ಚುಮನೆಯ ಯಜಮಾನ ಹಾಕ್ಸ್ ಮೂಗು ಮುರಿದಿದ್ದ. “ಏನಯ್ಯಾ ಆಂಬ್ರೋಸ್, ನಿಮ್ಮಪ್ಪ ನೋಹನ ನಾವೆಯಿಂದ ಇಳಿದು ಬಂದೋರಾ? ಕಾವಂ ಅಂತೆ, ಕ್ಷಮಿಪಂ ಅಂತೆ! ಈಗ ಹಿಂಗೆ ಮಾತಾಡೋರು ಯಾರಪ್ಪಾ ಇದ್ದಾರೆ? ಎಲ್ಲಾ ಕಾಯ್ತಾನೆ, ಕ್ಷಮಿಸ್ತಾನೆ ಅಂತ ಮಾಡು. ಇಲ್ಲಾಂದ್ರೆ ಗಂಟು ಕಟ್ಕೊಂಡು ಹೋಗು” ಎಂದ. ವಾದ ಮಾಡಲು ನನ್ನಲ್ಲಿ ತ್ರಾಣವಿರಲಿಲ್ಲ, ಒಪ್ಪಿಕೊಂಡೆ. ಈ ಕಸುಬಿನಲ್ಲಿ ನಾವು ಹಾಗೆಲ್ಲ ಬರೆದವರ ಮಾತಿಗೆ ಕಟ್ಟುಬಿದ್ದವರೂ ಅಲ್ಲ. ಸಾಲಿನಲ್ಲಿ ಜಾಗ ಉಳಿದರೆ ಉದ್ದನೆಯ ರೂಪ, ಸಾಲದಿದ್ದರೆ ಗಿಡ್ಡದ್ದು.

ಆದರೂ ಅಪ್ಪನದನ್ನು ತಿದ್ದುವಾಗ ಕೈ ಹಿಂಜರಿಯಿತು. ಊಟಕ್ಕೆ ಮುಂಚೆ ರೊಟ್ಟಿಯ ಮೇಲೆ ಕೈಯಿಟ್ಟು “ಕೊಡುವಂ, ಕಾವಂ, ಕರೆವಂ” ಎಂದು ಅವರು ಎಳೆದೆಳೆದು ಹೇಳುತ್ತಿದ್ದರು. “ದೇವರು ಕಾಯ್ತಾನೆ, ಸಾರು ಕಾಯಲ್ಲ” ಎಂದು ನೀನು ಗೊಣಗುತ್ತಿದ್ದೆ. ಚರ್ಚಿನಲ್ಲಿ ಮಾತ್ರ ನೀನು ಮುಂದಿನ ಬೆಂಚಿನಲ್ಲಿ ಕೂತಿರುವಾಗ, ಪ್ರವಚನಕ್ಕೆ ಅವರು ಬಾಯಿ ತೆರೆಯುವ ಮೊದಲೇ ನಿನ್ನ ತುಟಿಗಳು ಆ ಮಾತನ್ನು ಆಡುತ್ತಿದ್ದವು. ನಲವತ್ತು ವರ್ಷ ಕೇಳಿದವಳು ನೀನು. ಪುಸ್ತಕದಲ್ಲಿ ಆ ಎಳೆತ ಇಲ್ಲ ಅಮ್ಮಾ. ಯಾರೋ ಅಂಗಡಿಯವನು ಬಾಗಿಲು ಹಾಕುವ ಅವಸರದಲ್ಲಿ ಪ್ರಾರ್ಥನೆ ಮುಗಿಸಿದ ಹಾಗಿದೆ. ಕರಡು ಓದುತ್ತಾ ಹೋದೆ, ಎಲ್ಲಿಯೂ ಅಪ್ಪನ ದನಿ ಕೇಳಲಿಲ್ಲ. ತುಂಬಾ ದುಃಖವಾಯಿತು.

ಎರಡು ಪ್ರತಿ ಸಾಮಾನಿನ ಗಾಡಿಯಲ್ಲಿ ಬರುತ್ತಿವೆ. ಒಂದು ಪಾದ್ರಿಗಳಿಗೆ ಕೊಡು.

ಮಂಡಿಯೂರಿ ನಿನ್ನ ಆಶೀರ್ವಾದ ಬೇಡುವ ಮಗ,
ಆಂಬ್ರೋಸ್

ಮರೆತು ಬಿಟ್ಟದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ‘ಹಾಳೆಗಳನ್ನ ಮಾತ್ರ ವಾಪಸ್ ಕಳಿಸು, ನನ್ನ ಜೊತೇಲೇ ಮಣ್ಣಿಗಿಡಬೇಕು’ ಎಂದಿದ್ದೆಯಲ್ಲ, ಅವು ಇಲ್ಲ. ಮೊಳೆ ಜೋಡಿಸಿ ಮುಗಿದ ಮೇಲೆ ಕೈಬರಹದ ಹಾಳೆಯನ್ನು ಹರಿದು ರದ್ದಿ ಬುಟ್ಟಿಗೆ ಹಾಕುವುದು ಇಲ್ಲಿಯ ವಾಡಿಕೆ. ಹದಿನೆಂಟು ವರ್ಷದ ಅಭ್ಯಾಸದ ಕೈ, ಅಪ್ಪನ ಹಾಳೆಗಳನ್ನೂ ಒಂದೊಂದಾಗಿ ಹರಿದು ಹಾಕಿದೆ. ಎಚ್ಚರವಾಗಿ ಓಡುವಷ್ಟರಲ್ಲಿ ರದ್ದಿಯೆಲ್ಲ ಮಾಂಸದ ಪೈ ಬೇಯಿಸುವ ಅಂಗಡಿಗೆ ಹೋಗಿ, ಒಲೆಯಲ್ಲಿ ಪೈಗಳ ಅಡಿಗೆ ಹಾಸಿದ ಕಾಗದವಾಗಿ ಸುಟ್ಟು ಕರಕಲಾಗಿತ್ತು. ಪಾದ್ರಿಗಳೇ, ದಯವಿಟ್ಟು ಓದುವುದನ್ನು ಇಲ್ಲಿಗೆ ನಿಲ್ಲಿಸಿ. ಅಮ್ಮ ಅತ್ತು ಮುಗಿಸಲಿ. ಆಮೇಲೆ ಲೇಖನಿ ತೆಗೆದುಕೊಂಡು ಅವಳ ಪಕ್ಕ ಕುಳಿತುಕೊಳ್ಳಿ. ಅಪ್ಪನ ಪ್ರವಚನಗಳೆಲ್ಲವೂ ಅವಳಿಗೆ ಬಾಯಿಪಾಠ. ಅವಳು ಹೇಳಿದ ಹಾಗೇ ಬರೆದುಕೊಳ್ಳಿ, ಒಂದು ಮಾತನ್ನೂ ತಿದ್ದಬೇಡಿ.