ಡಾಬಿನ ಅಳತೆ

ಇರಕಲ್ಲಗಡ
ಶ್ರಾವಣ ಶುದ್ಧ ಷಷ್ಠಿ, ೧೯೪೨

ಚಿ. ಸೌ. ಕಳಕಮ್ಮನಿಗೆ, ಪಡಸಾಲೆಯಲ್ಲಿ ಕೂತ ನಿನ್ನ ಅಪ್ಪ ಹಿತ್ತಲ ಕೋಣೆಗೆ ಕಳಿಸುವ ಆಶೀರ್ವಾದ.

ಹಾಂ, ಗಡಗಡಿಯ ತನಕ ಬಂದಿದ್ದೆ. ಬಾವಿಯ ಗಡಗಡಿಯನ್ನು ಯಾಕೆ ಬಿಚ್ಚಿದೆ ಅಂತ ನಿನ್ನೆ ಸಂಜೆ ನಿನ್ನ ಬಾಗಿಲಿನ ಹೊರಗೆ ನಿಂತು ಹೇಳುತ್ತಿದ್ದೆ. ಅಷ್ಟರಲ್ಲಿ ನೀನು ಒಳಗಿನಿಂದ ಅಗಳಿ ಹಾಕಿದ ಸಪ್ಪಳ ಕೇಳಿಸಿತು. ನಾನು ಮಾತು ನಿಲ್ಲಿಸಲಿಲ್ಲ. ಬಾಗಿಲಿಗೇ ಇನ್ನಷ್ಟು ಹೊತ್ತು ಹೇಳಿದೆ. ಹಿತ್ತಲಲ್ಲಿ ಸಗಣಿ ತಟ್ಟುತ್ತಿದ್ದ ಕೆಲಸದ ದುರಗಮ್ಮ, "ಯಪ್ಪಾ, ಆಕಿ ಕಿವಿ ಮುಚ್ಕೊಂಡಾಳ, ನೀವರ ಬಾಯಿ ಮುಚ್ಕೊಳ್ರಿ" ಅಂದಳು. ಆಮೇಲೆ ನಿಂತೆ.

ಅದಕ್ಕೇ ಬರೆಯುತ್ತಿದ್ದೇನೆ. ಒಂದೇ ಸೂರಿನ ಕೆಳಗಿದ್ದು ಮಗಳಿಗೆ ಪತ್ರ ಬರೆಯುವ ಅಪ್ಪನನ್ನು ಕಂಡರೆ, ಕಾಲೇಜ ದೇವೇಂದ್ರಪ್ಪನ ತಲೆ ಈಗ ಪೂರಾ ಕೆಟ್ಟಿತು ಅಂದಾರು ಊರವರು. ಅನ್ನಲಿ. ಧಾರವಾಡದಲ್ಲಿ ಎರಡು ವರ್ಷ ಓದಿ, ಇಂಟರ್ ಪಾಸಾಗದೆ ಹಿಂದಿರುಗಿ ಕಿರಾಣಿ ಅಂಗಡಿ ಇಟ್ಟವನಿಗೆ ಆ ಹೆಸರು ಅಂಟಿ ಎಷ್ಟೋ ಕಾಲವಾಯಿತು. ನಿಮ್ಮವ್ವ ಇದ್ದಿದ್ದರೆ ಈ ಮಾತೆಲ್ಲ ಆಕೆಯ ಪಾಲಿಗೆ ಬರುತ್ತಿತ್ತು. ಹೆಣ್ಣುಮಕ್ಕಳ ಮೈಯ ಸಂಕಟವನ್ನು ಅಪ್ಪನಾದವನು ಯಾವ ಬಾಯಿಂದ ಕೇಳಬೇಕು? ಕಾಗದಕ್ಕಾದರೆ ಮುಖ ತೋರಿಸಬೇಕಾಗಿಲ್ಲ.

ಹೋದ ವರ್ಷ ಹನುಮಸಾಗರದಲ್ಲಿ, ನಿನ್ನ ಗಂಡನ ಮನೆಯಲ್ಲಿ, ಹೆರಿಗೆಯ ಬೇನೆ ದಿನಗಟ್ಟಲೆ ಎಳೆದಾಗ ನನಗೆ ಸುದ್ದಿ ಮುಟ್ಟಿದ್ದು ಎಲ್ಲ ಮುಗಿದ ಮೇಲೆ. ಕೂಸು ಉಳಿಯಲಿಲ್ಲ. ನಿನ್ನ ಒಳಗೆ ಹರಿದದ್ದು ಕೂಡಿಕೊಳ್ಳಲಿಲ್ಲ. ದೂರದ ದವಾಖಾನೆಯ ಡಾಕ್ಟರಮ್ಮ ಹಾಕಿದ ಹೊಲಿಗೆಯೂ ನಿಲ್ಲಲಿಲ್ಲ. ಮೂತ್ರ ತಡೆಯುವ ಶಕ್ತಿ ಹೋಯಿತು, ಹಗಲಿರುಳೂ ಸೋರುತ್ತದೆ ಅಂತ ಆಕೆ ಇಂಗ್ಲಿಷಿನಲ್ಲಿ ನನಗೆ ಹೇಳಿದಳು. ನನಗೆ ಅರ್ಧ ತಿಳಿಯಿತು. ಅಷ್ಟು ಸಾಕಾಯಿತು. ಆಮೇಲೆ ನಿನ್ನ ಗಂಡ ಅಂದಪ್ಪ ನಿನ್ನನ್ನು ಗಾಡಿಯಲ್ಲಿ ಕೂಡಿಸಿಕೊಂಡು ಬಂದ. ಗಾಡಿಯಿಂದ ನಿನ್ನನ್ನು ಇಳಿಸಿದವನು ತಾನು ಇಳಿಯಲಿಲ್ಲ. "ಆರಾಮಾದ ಮ್ಯಾಲ ಹೇಳಿ ಕಳಸ್ರಿ ಮಾವಾ, ಕರಕೊಂಡ ಹೋಗ್ತೀನಿ" ಅಂದ. ಆ ಮಾತನ್ನು ಹಿಡಿದುಕೊಂಡೇ ನಾನು ಇಷ್ಟೆಲ್ಲ ಮಾಡಿದ್ದು.

ಎಲ್ಲಿಂದ ಶುರುವಾಯಿತು ಅಂದರೆ ಕೊಪ್ಪಳದ ಕಾಸೀಮಸಾಬನ ಅಂಗಡಿಯಿಂದ. ಮೋಟಾರಿನ ಟಯರಿಗೆ ತೇಪೆ ಹಾಕುತ್ತಾನಲ್ಲ, ಅವನು. ಅವನ ಹತ್ತಿರ ಮಲಬಾರದ ಕಡೆಯಿಂದ ಬಂದ ರಬ್ಬರಿನ ಹಾಲು ಡಬ್ಬಿಯಲ್ಲಿತ್ತು. ನೋಡಲಿಕ್ಕೆ ಎಮ್ಮೆಯ ಹಾಲೇ. ಮೂಗಿಗೆ ಹಿಡಿದರೆ ಮಾತ್ರ ನವಸಾಗರದ ಘಾಟು ನೆತ್ತಿಗೇರುತ್ತದೆ. ಅವನು ಅದರಲ್ಲಿ ಬೆರಳು ಅದ್ದಿ, ಬಿಸಿಲಿಗೆ ಹಿಡಿದು, ಒಣಗಿದ ಮೇಲೆ ಹಾವಿನ ಪೊರೆಯ ಹಾಗೆ ಸುಲಿದು ತೋರಿಸಿದ. ಆ ಬೆರಳ ಪೊರೆಯಲ್ಲಿ ನೀರು ತುಂಬಿ ಎತ್ತಿ ಹಿಡಿದ. ಒಂದು ಹನಿ ಬೀಳಲಿಲ್ಲ. ಕಳಕಮ್ಮಾ, ನನಗೆ ಅಲ್ಲೇ ಹೊಳೆಯಿತು. ಬೆರಳಿಗೆ ಆಗುವುದಾದರೆ ಮೈಗೆ ಯಾಕಾಗಬಾರದು?

ಯುದ್ಧದಿಂದಾಗಿ ಇನ್ನು ಮುಂದೆ ಆ ಹಾಲು ಬರುವುದಿಲ್ಲ ಅಂತ ಅವನೇ ಹೇಳಿದ. ಇದ್ದ ಡಬ್ಬಿಯನ್ನು ಬೇಡಿ ತಂದೆ. "ಏನ್ ಮಾಡ್ತೀರಿ ಸಾವಕಾರ್ರ, ಕಾಸಿ ಕುಡೀತೀರೇನು?" ಅಂದ. ಎತ್ತುಗಳಿಗೆ ಮಳೆಗಾಲಕ್ಕೆ ಟೊಪ್ಪಿಗೆ ಮಾಡುತ್ತೇನೆ ಅಂದೆ. "ನಿಮ್ಮೂರಾಗ ಮಳಿ ಎಲ್ಲೈತ್ರಿ? ಮದ್ಲ ಮಳಿ ತರ್ರಿ, ಆಮ್ಯಾಲ ಟೊಪ್ಪಿಗಿ" ಅಂತ ನಕ್ಕ. ನಾನೂ ನಕ್ಕೆ.

ರಬ್ಬರಿನ ಚಡ್ಡಿಗೆ ಅಚ್ಚು ಬೇಕಲ್ಲ. ಕಿನ್ನಾಳಕ್ಕೆ ಹೋಗಿ ಗೊಂಬೆ ಮಾಡುವ ಗ್ಯಾನಪ್ಪನಿಗೆ ಹೇಳಿದೆ, ಹೆಣ್ಣಿನ ಮೈಯನ್ನು ನಡುವಿನಿಂದ ತೊಡೆಯ ತನಕ ಹಗುರಾದ ಪೊಳಕಿ ಕಟ್ಟಿಗೆಯಲ್ಲಿ ಕಡೆದು ಕೊಡು ಅಂತ. ಅವನು ಉಳಿ ಕೆಳಗಿಟ್ಟ. "ರುಂಡಿಲ್ಲ, ಪಾದಿಲ್ಲ. ಇದ್ಯಾವ ದೇವ್ರರೀ?" ಅಂದ. ಯಾವುದೋ ಹರಕೆ ಅಂದುಕೊಂಡನೋ ಏನೋ. ತರಲು ಹೋದಾಗ ನೋಡಿದರೆ ಅಚ್ಚಿನ ಮುಂದೆ ಸೀರೆಯ ನಿರಿಗೆ ಕೊರೆದಿದ್ದ! ಒಂದೊಂದು ನಿರಿಗೆಯೂ ಗಾಳಿಗೆ ಅಲುಗುವ ಹಾಗೆ. "ಹೆಣ್ಣ ದೇವ್ರನ್ನ ಬತ್ತಲಿ ಕಳಸಾಕ ಕೈ ಬರಲಿಲ್ರಿ" ಅಂದ. ಆ ನಿರಿಗೆಯ ಮೇಲೆ ರಬ್ಬರ್ ಸರಿಯಾಗಿ ಕೂರುವುದಿಲ್ಲ. ಮನೆಗೆ ತಂದು ನಾನೇ ಬಡಗಿಯ ಹತ್ತರಿ ಹೊಡೆದು ತೆಗೆದೆ. ಪಾಪ ಮಾಡಿದ ಹಾಗೆ ಅನ್ನಿಸಿತು.

ಕಟ್ಟಿಗೆಯ ಅಚ್ಚು ಹಾಲಿನಲ್ಲಿ ಮುಳುಗದೆ ತೇಲಿತು. ಇದು ನನಗೆ ಮೊದಲೇ ಹೊಳೆಯಬೇಕಾಗಿತ್ತು, ಫಿಸಿಕ್ಸ್ ಓದಿದವನು. ಅಂಗಡಿಯ ತೂಕದ ಕಲ್ಲುಗಳನ್ನೆಲ್ಲ ಅದರ ಹೊಟ್ಟೆ ಕೊರೆದು ಒಳಗೆ ತುಂಬಿದೆ. ಅವತ್ತು ಬೆಲ್ಲ ತೂಗಿ ಕೊಡಲಾಗದೆ ಗಿರಾಕಿಗಳನ್ನು ತಿರುಗಿ ಕಳಿಸಿದೆ. ಸರಕ್ಕನೆ ಇಳಿಸಿದರೆ ಗುಳ್ಳೆ ಏಳುತ್ತದೆ, ಗುಳ್ಳೆ ಒಡೆದಲ್ಲಿ ತೂತು. ಮೆಲ್ಲಗೆ ಇಳಿಸಬೇಕು, ಮನುಷ್ಯನ ಕೈ ನಡುಗುತ್ತದೆ. ಅದಕ್ಕೇ ಗಡಗಡಿ. ಹಗ್ಗದ ಒಂದು ತುದಿಗೆ ಅಚ್ಚು, ಇನ್ನೊಂದು ತುದಿಗೆ ನೀರು ತುಂಬಿದ ಕೊಡ. ಕೊಡದ ತಳಕ್ಕೆ ಸೂಜಿಯಷ್ಟು ತೂತು. ನೀರು ಸೋರಿದಂತೆ ಕೊಡ ಹಗುರಾಗಿ ಮೇಲೇಳುತ್ತದೆ, ಅಚ್ಚು ತನ್ನಷ್ಟಕ್ಕೆ ತಾನು ಹಾಲಿನ ಬಾನಿಗೆ ಇಳಿಯುತ್ತದೆ. ಮೇಲೆತ್ತಬೇಕಾದರೆ ಕೊಡಕ್ಕೆ ಮತ್ತೆ ನೀರು ಹೊಯ್ಯುವುದು. ನಮ್ಮ ಪ್ರೊಫೆಸರು ಕೋಟಿನ ಗುಂಡಿ ಹಿಡಿದುಕೊಂಡು ಹೇಳುತ್ತಿದ್ದರು, "ಜಂಟಲ್ಮೆನ್, ಅಬ್ಸರ್ವ್! ಎ ಲಿಕ್ವಿಡ್ ಆಲ್ವೇಸ್..." ದ್ರವ ಆಲ್ವೇಸ್ ಏನು ಮಾಡುತ್ತದೆ ಅನ್ನುವುದು ಮರೆತಿದೆ. ನೆನಪಿದ್ದರೆ ಉಪಯೋಗಕ್ಕೆ ಬರುತ್ತಿತ್ತೇನೋ.

ಒಣಗಿಸಲಿಕ್ಕೆ ಅಕ್ಕಿಯ ಪೆಟ್ಟಿಗೆ. ಒಳಗೆಲ್ಲ ಚಿಮಣಿ ಎಣ್ಣೆಯ ಡಬ್ಬಿಯ ತಗಡು ಬಡಿದು, ಕೆಳಗೆ ಇದ್ದಲಿನ ಶೇಗಡಿ ಇಟ್ಟೆ. ಥರ್ಮಾಮೀಟರ್ ಎಲ್ಲಿಂದ ತರಲಿ? ತಗಡಿನ ಮೇಲೆ ಜೇನುಮೇಣದ ಚೂರು ಇಡುತ್ತಿದ್ದೆ. ಅದು ಕರಗಿದರೆ ಇದ್ದಲು ಹೊರಗೆ. ಹಾಲಿಗೆ ಗಂಧಕದ ಪುಡಿ, ಸತುವಿನ ಭಸ್ಮ ಅರೆದು ಸೇರಿಸಿದ್ದೆ. ಅದಕ್ಕೆ ವಲ್ಕನೈಸ್ ಅನ್ನುತ್ತಾರೆ. ಅದಿಲ್ಲದಿದ್ದರೆ ರಬ್ಬರ್ ಬಿಸಿಲಿಗೆ ಅಂಟಂಟಾಗುತ್ತದೆ. ಗಂಧಕ ಸುಟ್ಟ ವಾಸನೆ ಓಣಿಯೆಲ್ಲ ಹಬ್ಬಿ, ದೇವೇಂದ್ರಪ್ಪ ಬಾಂಬು ಮಾಡುತ್ತಾನೆ ಅಂತ ಸುದ್ದಿಯಾಯಿತು. ಪಟೇಲನ ಕಡೆಯ ಮನುಷ್ಯ ಬಂದು ಪೆಟ್ಟಿಗೆಯೊಳಗೆ ಇಣುಕಿ, ಅಚ್ಚು ನೋಡಿ, ನಾಚಿ ಹೊರಗೆ ಹೋದ. ಅದ್ದುವುದು, ಒಣಗಿಸುವುದು, ಮತ್ತೆ ಅದ್ದುವುದು. ಕಡೆಗೆ ಬಳಪ ಅರೆದ ಪುಡಿ ಉದುರಿಸಿ ಸುಲಿದೆ. ಮೊದಲಿನದು ಹರಿಯಿತು. ಆಮೇಲಿನದು ಇಡಿಯಾಗಿ ಬಂತು, ಜೇನಿನ ಬಣ್ಣ, ಕೂಸಿನ ಕಿವಿಯ ಹಾಗೆ ಮೆತ್ತಗೆ.

ಅಳತೆಯನ್ನು ಎಲ್ಲಿಂದ ತಂದೆ ಅನ್ನುವುದನ್ನು ಹೇಳಬೇಕು. ಎಲ್ಲ ಇರುವುದೇ ಅಲ್ಲಿ. ದುರಗಮ್ಮನಿಗೆ ಒಂದು ಮಾತು ಹೇಳಿದ್ದರೆ ನಿನ್ನ ನಡುವಿಗೆ ದಾರ ಹಿಡಿದು ತರುತ್ತಿದ್ದಳು. ನನಗೆ ಹೇಳಲು ನಾಚಿಕೆ. ನಿಮ್ಮವ್ವನ ಬೆಳ್ಳಿಯ ಡಾಬು ಪೆಟ್ಟಿಗೆಯಲ್ಲಿತ್ತು. ಮದುವೆಯ ದಿನ ನಿನ್ನ ನಡುವಿಗೆ ಬಿಗಿದಿದ್ದೆವಲ್ಲ, ಕೊಕ್ಕೆ ಹಾಕಿದ ಗುರುತು ಅದರಲ್ಲಿ ಹಾಗೇ ಇದೆ. ಆ ಗುರುತಿಗೆ ಡಾಬು ಕೂಡಿಸಿ ಗ್ಯಾನಪ್ಪನ ಮುಂದಿಟ್ಟೆ. ಎಂಥ ಯುಕ್ತಿ ಮಾಡಿದೆ ಅಂತ ದಾರಿಯುದ್ದಕ್ಕೂ ನನ್ನ ಬೆನ್ನು ನಾನೇ ಚಪ್ಪರಿಸಿಕೊಂಡೆ.

ನಿನಗೆ ಕೊಡುವ ಮೊದಲು ನಾನೇ ಹಾಕಿಕೊಂಡು ನೋಡಿದೆ ಅಂತ ಬರೆದರೆ ನಗುತ್ತೀಯಾ? ನಗುವುದಾದರೆ ನಗು, ಯವ್ವಾ. ಧೋತರದ ಒಳಗೆ ಹಾಕಿಕೊಂಡು, ತಂಬಿಗೆ ನೀರು ಹೊಯ್ದುಕೊಂಡು ಅಂಗಡಿಯಲ್ಲಿ ಹೋಗಿ ಕೂತೆ. ಗಿರಾಕಿಗಳಿಗೆ ಉಪ್ಪು ಮೆಣಸಿನಕಾಯಿ ಕೊಟ್ಟೆ, ಎದ್ದೆ, ಕೂತೆ, ಬಗ್ಗಿದೆ. ಒಂದು ಹನಿ ಹೊರಗೆ ಬರಲಿಲ್ಲ. ಗೆದ್ದೆ ಅಂದುಕೊಂಡೆ. ದುರಗಮ್ಮನ ಕೈಯಲ್ಲಿ ನಿನಗೆ ಕಳಿಸಿದೆ.

ನಿನ್ನೆ ಪಂಚಮಿ. ನೀನು ಹೊರಗೆ ಬಂದೆ. ಎಷ್ಟು ದಿನದ ಮೇಲೆ! ಹಸಿರು ಇಳಕಲ್ಲ ಸೀರೆ ಉಟ್ಟು ಪಡಸಾಲೆಯ ಜಮಖಾನೆಯ ಮೇಲೆ ಕೂತೆ. ಉಂಡಿ ಕೊಡಲು ಬಂದ ಓಣಿಯ ಹೆಣ್ಣುಮಕ್ಕಳು ನಿನ್ನ ಪಕ್ಕದಲ್ಲಿ ಕೂತರು. ನಾನು ಕಂಬದ ಹಿಂದೆ ನಿಂತು ನಿಮ್ಮ ಮಾತು ಕೇಳುತ್ತಿದ್ದೆ. ಯಾವಳೋ ನಿನ್ನನ್ನು ಜೋಕಾಲಿಗೆ ಕರೆದಳು, ನೀನು ನಕ್ಕೆ. ಏಳಲು ಹೋದೆ. ಆಮೇಲೆ ಜಮಖಾನೆ ಒದ್ದೆಯಾಯಿತು. ಪಕ್ಕದಲ್ಲಿದ್ದವರು ತಮ್ಮ ಸೀರೆಯ ಅಂಚನ್ನು ಎತ್ತಿ ಹಿಡಿದರು, ಅಷ್ಟೇ. ನೀನು ಓಡಿದೆ.

ದುರಗಮ್ಮ ತಂದುಕೊಟ್ಟ ರಬ್ಬರಿನಲ್ಲಿ ತೂತಿದೆಯೇನೋ ಅಂತ ಸಂಜೆಯ ತನಕ ಅದನ್ನು ಬೆಳಕಿಗೆ ಹಿಡಿದು ಹುಡುಕಿದೆ. ತೂತಿಲ್ಲ. "ಹಾಂಗಾದ್ರ ನನ್ನ ಮೈಯಾಗ ಹ್ಯಾಂಗ ನಿಂತಿತ್ತು?" ಅಂತ ದುರಗಮ್ಮನನ್ನು ಕೇಳಿದೆ. ಆಕೆ ಸೆರಗಿನಿಂದ ಮೂಗು ಒರೆಸಿಕೊಂಡು ಅಂದಳು, "ನಿಮಗ ಮೈ ಐತ್ರಿ. ಆಕಿ ಮೈಯಾಗ ಮೈ ಎಲ್ಲೈತಿ? ರಬ್ಬರಿಗೂ ಆಕಿ ನಡುವಿಗೂ ಸಂದಿನಾಗ ನನ್ನೆರಡು ಕೈ ಹೊಕ್ಕು ಹೊರಗ ಬರ್ತಾವು." ಆಕೆ ಇನ್ನೊಂದು ಮಾತನ್ನೂ ಹೇಳಿದಳು. ದಿನಾ ಬೆಳಿಗ್ಗೆ ನಾನು ನಿನಗೆ ಕಳಿಸುವ ತಂಬಿಗೆಯ ನೀರು ಕರಿಬೇವಿನ ಗಿಡಕ್ಕೆ ಹೋಗುತ್ತದಂತೆ. ಕುಡಿದರೆ ಹರಿಯುತ್ತದೆ ಅಂತ ನೀನು ಕುಡಿಯುವುದನ್ನೇ ಬಿಟ್ಟಿದ್ದೀಯಂತೆ. ರೊಟ್ಟಿಯೂ ಒಣಗಿದ ಅರ್ಧ. ಕರಿಬೇವು ಈ ವರ್ಷ ಯಾಕಿಷ್ಟು ಚಿಗುರಿದೆ ಅಂತ ನಾನು ಸಂತೋಷಪಟ್ಟಿದ್ದೆ.

ಮದುವೆಯ ದಿನದ ಮಗಳ ಅಳತೆ ತೆಗೆದುಕೊಂಡು ಹೋದೆ, ಕಳಕಮ್ಮಾ. ಒಳಗಿರುವ ಮಗಳನ್ನು ಕಣ್ಣೆತ್ತಿ ನೋಡಿರಲಿಲ್ಲ. ನೋಡಬಾರದು ಅಂತಲ್ಲ, ಹೇಗೆ ನೋಡಬೇಕೋ ತಿಳಿಯಲಿಲ್ಲ.

ಈಗ ಕೇಳುವುದು ಒಂದೇ. ಈ ಕಾಗದದ ಜೊತೆಗೆ ಬಾಗಿಲ ಕೆಳಗಿನಿಂದ ಒಂದು ನೂಲಿನ ದಾರ ತೂರಿಸಿದ್ದೇನೆ. ನಡುವಿಗೆ ಒಂದು ಸುತ್ತು ಹಾಕಿ ಗಂಟು ಕಟ್ಟು. ತೊಡೆಗೆ ಹಾಕಿ ಇನ್ನೊಂದು ಗಂಟು. ಹೊರಗೆ ನೂಕು. ನಿನ್ನ ಮುಖ ನೋಡುವುದಿಲ್ಲ, ಏನೂ ಕೇಳುವುದಿಲ್ಲ. ಗ್ಯಾನಪ್ಪನ ಹತ್ತಿರ ಹೋಗಿ ಅಚ್ಚನ್ನು ಕೆತ್ತಿಸಿ ಸಣ್ಣ ಮಾಡಿಸಿಕೊಂಡು ಬರುತ್ತೇನೆ. ಬಾನಿಯಲ್ಲಿ ಇನ್ನೊಂದು ಸಲಕ್ಕೆ ಆಗುವಷ್ಟು ಹಾಲಿದೆ. ಮೇಲೆ ಕೆನೆ ಕಟ್ಟುತ್ತಿದೆ, ಗಟ್ಟಿಯಾದರೆ ಮುಗಿಯಿತು. ಕಾಸೀಮಸಾಬನ ಹತ್ತಿರವೂ ಇಲ್ಲ, ಹುಬ್ಬಳ್ಳಿಯಲ್ಲೂ ಇಲ್ಲ. ಈ ಸಲ ತಪ್ಪಿದರೆ ಮತ್ತೆ ಇಲ್ಲ.

ಇದರಿಂದ ನೀನು ವಾಸಿಯಾಗುವುದಿಲ್ಲ ಅಂತ ನನಗೆ ಗೊತ್ತಿದೆ. ಚರ್ಮ ಕೆಂಪಾಗಿ ಉರಿಯುತ್ತದೆ ಅಂತ ದುರಗಮ್ಮ ಹೇಳಿದ್ದಾಳೆ. ಒಳಗೆ ಹಳೆಯ ಧೋತರದ ಮಡಿಕೆ ಇಡು, ಔಡಲೆಣ್ಣೆ ಸವರಿಕೋ. ಬೇಸಿಗೆ ಬಂದರೆ ಗಂಧಕ ಹಾಕಿದ ರಬ್ಬರೂ ಕರಗೀತು. ಶ್ರಾವಣ ಮುಗಿದ ಮೇಲೆ ಹನುಮಸಾಗರದವರು ನಿನ್ನನ್ನು ಕರೆದೊಯ್ಯಲು ಬರುತ್ತಾರೆ ಅಂತ ನಿನಗೆ ಹೇಳಿದ್ದೆನಲ್ಲ. ಅದು ಇರಲಿ. ಆ ಮಾತು ಈಗ ಬೇಡ. ಗಂಡಸು ಅನ್ನಿಸಿಕೊಂಡವನು ಮಗಳಿಗೆ ಮಾಡಬಹುದಾದದ್ದು ಬಹಳ ಇರಬೇಕು. ನನಗೆ ತಿಳಿದದ್ದು ಇಷ್ಟು, ಒಂದು ಕೊಡ, ಒಂದು ಗಡಗಡಿ, ಒಂದು ಬಾನಿ ಹಾಲು.

ಇನ್ನೂ ಬರೆಯುವುದಿತ್ತು. ಬೆಳಕಿಂಡಿಯ ಬಿಸಿಲು ಆಗಲೇ ಕಾಗದದಿಂದ ಇಳಿದು ಗೋಡೆ ಹತ್ತಿದೆ. ಚಿಮಣಿಗೆ ಎಣ್ಣೆಯಿಲ್ಲ. ಬೆಳಕು ಹೋಗುತ್ತಿದೆ, ನಿಲ್ಲಿಸುತ್ತೇನೆ.

ನಿನ್ನ ಬಾಗಿಲ ಹೊರಗಿರುವ ಅಪ್ಪ,
ದೇವೇಂದ್ರಪ್ಪ

ತಾ.ಕ.: ಅಕ್ಷರ ಕಾಣದ ಮೇಲೆ ಇದನ್ನು ಬರೆಯುತ್ತಿದ್ದೇನೆ, ಕಾಣದಿದ್ದರೇ ಸುಲಭ. ಸಾಲು ಸೊಟ್ಟಾಗಿದ್ದರೆ ಕೂಡಿಸಿ ಓದಿಕೋ. ಕಾರಹುಣ್ಣಿಮೆಯ ಮರುದಿನ ಹನುಮಸಾಗರದ ವಿರುಪಣ್ಣ ಬಂದು ಹೋದನಲ್ಲ, ಬೆಲ್ಲದ ಧಾರಣೆ ಕೇಳಲು ಬಂದಿದ್ದ ಅಂತ ನಿನಗೆ ಹೇಳಿದ್ದೆ. ಅದಕ್ಕಲ್ಲ. ಅಂದಪ್ಪನ ಇನ್ನೊಂದು ಲಗ್ನವಾಯಿತು ಅಂತ ತಿಳಿಸಲು ಬಂದಿದ್ದ. "ನಾ ಬರೇ ಸುದ್ದಿ ತಂದಾಂವ್ರಿ, ನನ್ನ ಮ್ಯಾಲ ಸಿಟ್ಟಾಗಬ್ಯಾಡ್ರಿ" ಅಂದ. ಚಹಾ ಕುಡಿಸಿ ಕಳಿಸಿದೆ. ಅವನು ಹೋದ ಮೇಲೆ ಬೇರೇನು ಮಾಡಬೇಕೋ ತೋಚದೆ, ಕೊಡಕ್ಕೆ ನೀರು ತುಂಬಿ ಅಚ್ಚನ್ನು ಹಾಲಿಗೆ ಇಳಿಸಿದೆ. ನೀನು ನಿನ್ನೆ ಹಾಕಿಕೊಂಡದ್ದು ಅದೇ. ಯಾರೂ ಬರುವುದಿಲ್ಲ, ಯವ್ವಾ. ಆದರೂ ದಾರವನ್ನು ಹಾಗೇ ಬಿಡಬೇಡ. ಈ ಸಲದ್ದು ಪಡಸಾಲೆಯ ತನಕ ಬಂದು ನನ್ನ ಹತ್ತಿರ ಕೂಡುವುದಕ್ಕೆ. ಬಾಗಿಲ ಹೊರಗೆ ತಂಬಿಗೆ ಇಟ್ಟಿದ್ದೇನೆ. ಮೊದಲು ನೀರು ಕುಡಿ. ಅಳತೆಯನ್ನು ಆಮೇಲೆ ತೆಗಿ.