ಅಜ್ಜನ ಫೋಟೋ ಅಂಟಿಸಿದ ಬಿದಿರು

ಜೂನ್ ೪, ಮಂಗಳವಾರ

ಇವತ್ತು ನಲವತ್ತೊಂದು ಮರ ತಟ್ಟಿದೆವು. ಗೆದ್ದಲು ತಿಂದು ಒಳಗೆ ಟೊಳ್ಳಾದವು ಮೂರು. ಯಿಡಕಿಗೆ, ನಮ್ಮ ಉದ್ದನೆಯ ಊದುವ ವಾದ್ಯಕ್ಕೆ, ಆಗುವಂಥದ್ದು ಒಂದೇ. ಅಜ್ಜ ತೊಗಟೆ ಸ್ವಲ್ಪ ಕೆತ್ತಿ, ಉಗುರಿನಿಂದ ಟಕ್ ಟಕ್ ಅನ್ನಿಸಿ, ಕಿವಿಯಿಟ್ಟು ಕೇಳುತ್ತಾನೆ. ನಾನು ತಟ್ಟಿದ್ದಕ್ಕೆಲ್ಲ ‘ಇದೇ’ ಅಂದೆ.

“ನಿಂಗೆ ಎಲ್ಲಾ ಮರಾನೂ ಟೊಳ್ಳೇ. ಡಾರ್ವಿನ್ ಸಿಟಿ ಸ್ಕೂಲಲ್ಲಿ ನಿನ್ ತಲೆ ತಟ್ಟಿ ನೋಡ್ಲಿಲ್ವೇನೆ ಜೋಸ್ಲಿನ್?”

“ನೋಡಿದ್ರು. ಅದಕ್ಕೇ ಬಿಟ್ಟು ಬಂದೆ.”

ನಕ್ಕು ನಕ್ಕು ಕೆಮ್ಮು ಬಂತು ಅವನಿಗೆ.

ಮನೆಗೆ ಬಂದರೆ ಹುಣಸೆ ಮರದಡಿ ಬಾಲ್ವುರಾ ತಾತ ಕಾಯುತ್ತಿದ್ದ. ದಿನಾ ಬರುತ್ತಾನೆ. ಚಹಾಕ್ಕೆ ಐದು ಚಮಚ ಸಕ್ಕರೆ, ನಾನೇ ಹಾಕಬೇಕು. ಇದೇ ತಿಂಗಳು ಇಪ್ಪತ್ತೆರಡಕ್ಕೆ ಅವನ ಮೊಮ್ಮಗನಿಗೆ ಕುಲದ ಶಾಸ್ತ್ರ. ತಾತ ಹಾಡುವುದು, ಅಜ್ಜ ಯಿಡಕಿ ಊದುವುದು. ನಲವತ್ತು ವರ್ಷದಿಂದ ಹೀಗೇ.

“ನಾನೆಲ್ಲಿ ಉಸಿರು ತಗೋತೀನಿ ಅಂತ ನನ್ ಹೆಂಡ್ತಿಗೂ ಗೊತ್ತಿಲ್ಲ. ಈ ಮುದುಕಂಗೆ ಗೊತ್ತು.”

“ಉಸಿರು ಬಿಟ್ರೆ ಸಾಕು ಹಲ್ಲಿಲ್ಲದ ಬಾಯಿ ಸೀಟಿ ಹೊಡೆಯತ್ತಲ್ಲ, ಗೊತ್ತಾಗದೆ ಏನು?” ಅಂದ ಅಜ್ಜ.

ಜೂನ್ ೫, ಸಂಜೆ

ಕಲಾಕೇಂದ್ರದ ಹೆದರ್ ಕರೆದು ಒಂದು ಇಮೇಲ್ ತೋರಿಸಿದಳು. ಫಿನ್ಲೆಂಡಿನ ಬಸ್ ಡ್ರೈವರ್, ಹೆಸರು ಯೂಹಾನಿ. ಆನ್‌ಲೈನಿನಲ್ಲಿ ಯಿಡಕಿ ಕೊಂಡಿದ್ದಾನೆ, ಎಂಬತ್ತೊಂಬತ್ತು ಡಾಲರ್. ಅದರ ಮೇಲೆ ಅಜ್ಜನ ಫೋಟೋ ಅಂಟಿಸಿದೆ, ಊರಿನ ಹೆಸರೂ ಇದೆ. ‘ಬುಡಕಟ್ಟಿನ ಗುರು ಕೈಯಾರೆ ಮಾಡಿದ್ದು’ ಅಂತ. ಗುರುಗಳಿಗೆ ನನ್ನ ನಮಸ್ಕಾರ ತಿಳಿಸಿ ಎಂದು ಬರೆದಿದ್ದಾನೆ ಪಾಪ.

ಮಿರಿಮಿರಿ ವಾರ್ನಿಷ್. ಚುಕ್ಕಿ ಚುಕ್ಕಿ. ನಡುವೆ ದೊಡ್ಡದೊಂದು ಉಡ.

ಉಡ ನಮ್ಮದಲ್ಲ. ಬಾಲ್ವುರಾ ತಾತನ ಕುಲದ್ದು, ಅಂದರೆ ಅಜ್ಜನ ತಾಯಿಯ ಕುಲದ್ದು. ತಾಯಿಯ ಕುಲದ ಚಿತ್ರವನ್ನು ಅಜ್ಜ ಕಾಯಬೇಕು. ಕೇಳದೆ ಬರೆಯುವಂತಿಲ್ಲ, ಮಾರುವ ಮಾತೇ ಇಲ್ಲ.

ಇನ್ನೊಂದು. ಆ ಫೋಟೋ ತೆಗೆದದ್ದು ನಾನು. ಹಳದಿ ಫುಟ್‌ಬಾಲ್ ಶರ್ಟು, ಕೈಯಲ್ಲಿ ಕೊಡಲಿ. ಹಾಸ್ಟೆಲಿನಲ್ಲಿ ಅಳು ಬಂದಾಗ ನೆಟ್ಟಿಗೆ ಹಾಕಿದ್ದೆ, ಊರ ಹೆಸರು ಸಮೇತ. ಅಜ್ಜನನ್ನು ಕೇಳಿರಲಿಲ್ಲ.

ಫೋಟೋ ನನ್ನದೆಂದು ಹೆದರ್‌ಗೆ ಹೇಳಿದೆ. ಅಜ್ಜನಿಗೆ ಹೇಳಲಿಲ್ಲ. ಅವನು ಕೇಳಲಿಲ್ಲ, ನಾನು ಹೇಳಲಿಲ್ಲ, ಆದ್ದರಿಂದ ಸುಳ್ಳಲ್ಲ — ಹೀಗೆ ಬರೆದು ನೋಡಿದೆ. ಸುಳ್ಳೇ.

ಜೂನ್ ೧೧

ಆರು ದಿನದಿಂದ ಬಾಲ್ವುರಾ ತಾತ ಚಹಾಕ್ಕೆ ಬಂದಿಲ್ಲ. ಅಜ್ಜ ಎರಡು ಮಗ್ ಇಡುತ್ತಾನೆ, ಒಂದನ್ನು ನಾಯಿಗೆ ಚೆಲ್ಲುತ್ತಾನೆ.

ಇವತ್ತು ಅಂಗಡಿಯಲ್ಲಿ ತಾತನ ಮಗಳು ಫೋನನ್ನು ನನ್ನ ಮೂಗಿಗೇ ಹಿಡಿದಳು. “ನಿನ್ನಜ್ಜ ನಮ್ ಉಡಾನ ಮಾರ್ತಾ ಇದಾನೆ. ಅಪ್ಪ ಊಟ ಬಿಟ್ಟಿದಾನೆ.”

ಓಡಿ ಬಂದು ಅಜ್ಜನಿಗೆ ಎಲ್ಲ ಹೇಳಿದೆ. ಫೋಟೋ ನನ್ನದು ಅಂತಲೂ. ಬೆರಳಿನಿಂದ ಮರಳಿನಲ್ಲಿ ಗೀರತೊಡಗಿದ. ಆಮೇಲೆ —

“ಯಾವ ಶರ್ಟು?”

“ಹಳದೀದು.”

“ಥೂ. ಒಳ್ಳೇದು ಹಾಕ್ಕೊಂಡಿದ್ದಾಗ ತೆಗೀಬಾರದಿತ್ತಾ?”

ನಗಿಸಲು ಹೇಳಿದ್ದು. ಕೈ ಮಾತ್ರ ಮರಳಿನಲ್ಲಿ ಗೀರುತ್ತಲೇ ಇತ್ತು. ಬೈದಿದ್ದರೆ ಚೆನ್ನಾಗಿತ್ತು.

ಜೂನ್ ೧೨

ತಾತನ ಮನೆಗೆ ಹೋದೆ. ಬೆನ್ನು ತಿರುಗಿಸಿ ಕೂತಿದ್ದ. ಅಜ್ಜ ಮಾಡಿದ್ದಲ್ಲ, ಫೋಟೋ ಕದ್ದದ್ದು, ತೆಗೆದದ್ದು ನಾನು ಅಂದೆ.

“ಮುಖ ಅವನ್ದೇ. ಉಡ ನಮ್ದೇ. ಕಣ್ಣಾರೆ ನೋಡಿದೀನಿ ಕೂಸೇ. ಮನೆಗ್ ಹೋಗು.”

ಶಾಸ್ತ್ರಕ್ಕೆ ಊದಲು ಡೆಸ್ಮಂಡನನ್ನು ಕರೆದಿದ್ದಾನಂತೆ. ಡೆಸ್ಮಂಡನಿಗೆ ಇಪ್ಪತ್ತು ವರ್ಷ, ಗಾಳಿಗಿಂತ ಉಗುಳೇ ಜಾಸ್ತಿ.

ಅಜ್ಜನಿಗೆ ಸುದ್ದಿ ಮುಟ್ಟಿದೆ. ಮಧ್ಯಾಹ್ನದಿಂದ ಕೊಡಲಿ ಮಸೆಯುತ್ತಿದ್ದಾನೆ. ಹರಿತವಾಗಿಯೇ ಇತ್ತು.

ಜೂನ್ ೧೩

ಆ ವೆಬ್‌ಸೈಟಿಗೆ ದೂರು ಬರೆದೆ. ಯೂಹಾನಿಗೂ ಬರೆದೆ: ಅದು ನಮ್ಮದಲ್ಲ, ಕ್ಷಮಿಸಿ. ಎರಡು ಸಲ ಅಳಿಸಿ ಕಳಿಸಿದೆ. ‘ನೋಡದೆ ಹೇಗೆ ಹೇಳುತ್ತೀರಿ?’ ಎಂದು ಕೇಳಿದ. ನ್ಯಾಯವೇ. ಊದಿ ರೆಕಾರ್ಡ್ ಮಾಡಿ ಕಳಿಸಿ ಅಂದೆ. ಒಂದು ಗಂಟೆಯಲ್ಲಿ ಬಂತು.

ಅಜ್ಜ ಕೇಳಿದ. “ಬಸ್ ಹಾರ್ನ್ ಹೊಡೀತಿದಾನೆ ಪಾಪ. ಇವನ ಕೈಗೆ ನಂದನ್ನೇ ಕೊಟ್ರೂ ಹಿಂಗೇ.”

ಹಾಗಾದರೆ ಇದೂ ಸಾಕ್ಷಿಯಲ್ಲ... ತಲೆ ಕೆಟ್ಟು ಕೂತೆ. ಅಜ್ಜ ಖಾಲಿ ಮಗ್ಗನ್ನು ಉಗುರಿನಿಂದ ತಟ್ಟುತ್ತಿದ್ದ. ಟಕ್ ಟಕ್.

ದಡ್ಡಿ ನಾನು! ಊದಿಸಬಾರದಿತ್ತು, ತಟ್ಟಿಸಬೇಕಿತ್ತು. ಯೂಹಾನಿಗೆ ಮತ್ತೆ ಬರೆದೆ.

ಜೂನ್ ೧೯

ಸೈಟಿನವರು ಅಜ್ಜನ ಫೋಟೋ ತೆಗೆದುಹಾಕಿದರು. ಉಡ ಹಾಗೇ ಇದೆ, ಈಗ ಬೇರೆ ಯಾರೋ ಮುದುಕನ ಫೋಟೋ. ಅವನೂ ಯಾರದೋ ಅಜ್ಜ. ಮತ್ತೆ ದೂರು ಬರೆದಿದ್ದೇನೆ.

ಯೂಹಾನಿ ಡ್ಯೂಟಿಯ ಮೇಲೆ ಎಲ್ಲೋ ಹೋಗಿದ್ದನಂತೆ, ಹೊಸ ರೆಕಾರ್ಡಿಂಗ್ ಇವತ್ತು ಕಳಿಸಿದ. ಬಾಯಿಯಿಂದ ಬುಡದವರೆಗೆ ಗೇಣಿಗೊಂದರಂತೆ ತಟ್ಟಿದ್ದಾನೆ. ಒಳ್ಳೆಯವನು.

ಬಾಲ್ವುರಾ ತಾತನ ಬೆನ್ನ ಹಿಂದೆ ಕೂತು ಫೋನನ್ನು ಅವನ ಕಿವಿಗೆ ಹಿಡಿದೆ. ಒಮ್ಮೆ ಕೇಳಿದ. ಫೋನನ್ನು ಕಿತ್ತುಕೊಂಡು ಮತ್ತೊಮ್ಮೆ ಕೇಳಿದ.

“ಇಲ್ಲೊಂದು ಗಂಟು. ಇಲ್ಲೊಂದು. ಏ ಹುಡುಗಿ, ಇದು ಬಿದಿರು ಕಣೇ! ಇದರೊಳಗೆ ಒಂದ್ ಗೆದ್ದಲೂ ಕಾಲಿಟ್ಟಿಲ್ಲ.”

“ಅದಕ್ಕೇ ಅಜ್ಜನ ಫೋಟೋ ಅಂಟಿಸಿರೋದು ತಾತ.”

“ನಿನ್ನಜ್ಜ ಸತ್ರೂ ಬಿದಿರು ಮುಟ್ಟೋನಲ್ಲ.” ಫೋನನ್ನು ವಾಪಸ್ ಕೊಟ್ಟು, “ಮೊದಲು ಕಿವಿಗೆ ಹಾಕ್ಬೇಕಿತ್ತು ನೀನು.” ನನ್ನ ಕಡೆ ಮುಖ ತಿರುಗಿಸಿದ. ಕಣ್ಣು ಒದ್ದೆ. “ಇನ್ಮೇಲೆ ಫೋಟೋ ಹಾಕ್ತೀಯಾ?”

ಇಲ್ಲ ಅನ್ನಬಹುದಿತ್ತು. “ಕೇಳ್ದೆ ಹಾಕಲ್ಲ” ಅಂದೆ.

ಚಹಾಕ್ಕೆ ಬರುತ್ತೇನೆ ಎಂದು ಅವನು ಹೇಳಲಿಲ್ಲ. ಡೆಸ್ಮಂಡನಿಗೆ ಮಾತು ಕೊಟ್ಟಾಗಿದೆಯಂತೆ.

ಜೂನ್ ೨೧

ಅಜ್ಜ ಹೊಸ ಯಿಡಕಿಯ ಬಾಯಿಗೆ ಜೇನುಮೇಣ ಮೆತ್ತುತ್ತಿದ್ದ.

“ನಾಳೆ ಹೋಗಲ್ಲ ಅಂದ್ಯಲ್ಲ ಅಜ್ಜ?”

“ಹೋಗಲ್ಲ. ಮೇಣ ಒಣಗ್ತಿತ್ತು, ಅದಕ್ಕೆ.”

ಒಳ್ಳೆಯ ಶರ್ಟು ಒಗೆದು ಹಗ್ಗದ ಮೇಲೆ ಹಾಕಿದ್ದಾನೆ. ಅದಕ್ಕೂ ಏನೋ ಕಾರಣ ಇರಬೇಕು. ಕೇಳಲಿಲ್ಲ.

ಜೂನ್ ೨೨, ಬೆಳಿಗ್ಗೆ ಆರು

ಹೊರಗೆ ಹಾರ್ನ್. ತಾತನ ಗಾಡಿಯದೇ, ಸೈಲೆನ್ಸರ್ ಇಲ್ಲದ್ದು. ಮುಂದಿನ ಸೀಟು ಖಾಲಿ. ಹಿಂದೆ ಡೆಸ್ಮಂಡ್, ಅರ್ಧ ನಿದ್ದೆಯಲ್ಲಿ, ಮುಖದಲ್ಲಿ ಬಿಡುಗಡೆಯ ಕಳೆ.

ಅಜ್ಜ ಒಳಗೆ ನಿದ್ದೆಯ ನಾಟಕ ಆಡುತ್ತಿದ್ದಾನೆ. ಒಳ್ಳೆಯ ಶರ್ಟು ಹಾಕಿಕೊಂಡು.

ತಾತ ಇಳಿದು ಹುಣಸೆ ಮರದಡಿ ತನ್ನ ಜಾಗದಲ್ಲಿ ಕೂತ. “ಏ ಜೋಸ್ಲಿನ್! ಹದಿನೇಳು ದಿನದ ಬಾಕಿ ಇದೆ, ಚಹಾ ಎಲ್ಲಿ?”

ಏಳಬೇಕು. ಐದು ಚಮಚ, ಇಲ್ಲ, ಇವತ್ತು ಆರು —